ಗಾಡಿ ಬಿಡ್ತೀನಿ ಎಂದ ತಪ್ಪಿಗೆ

ಗಂಡಸರು ಏನೇನೋ ಬಿಡುತ್ತಾರೆ. ಕೆಲವರು ಸಿಗರೇಟು ಬಿಡುತ್ತಾರೆ, ಕೆಲವರು ಗಡ್ಡ ಬಿಡುತ್ತಾರೆ, ಬಹುಪಾಲು ಜನ ರೈಲು ಬಿಡುತ್ತಾರೆ. ನಾನು ನೀರು ಬಿಡುತ್ತೇನೆ. (ನಗಬೇಡಿ. ನೀರು ಸರಬರಾಜು ಕಚೇರಿಯಲ್ಲಿ ನನ್ನ ಉದ್ಯೋಗವೇ ಅದು. ಅರ್ಧ ಊರಿನ ನಲ್ಲಿಗಳು ನನ್ನ ಅಪ್ಪಣೆಗಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತವೆ.) ಇಂಥ ಗಣ್ಯ ವ್ಯಕ್ತಿಯಾದ ನಾನು ಇದೇ ‘ಬಿಡು’ ಎಂಬ ಎರಡಕ್ಷರದಿಂದ ಬೀದಿಗೆ ಬಿದ್ದ ಕಥೆ ಇದು.

ನನ್ನ ಹತ್ತಿರ ಒಂದು ಹಳೆಯ ರೇಸ್ ಬೈಕಿದೆ. ನಾನು ಹುಟ್ಟುವ ಮುಂಚೆಯೇ ಅದು ಪಂದ್ಯಗಳನ್ನು ಗೆದ್ದು ನಿವೃತ್ತಿಯಾಗಿತ್ತು. ಹೊರಗೆ ನಿಲ್ಲಿಸಿದರೆ ತುಕ್ಕು ಹಿಡಿದೀತೆಂದು ಊಟದ ಮನೆಯಲ್ಲೇ ಇಟ್ಟಿದ್ದೇನೆ. ಮೇಜಿನ ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಅತ್ತೆ, ಮತ್ತೊಂದು ಕಡೆ ಬೈಕು. ಮೂವರಲ್ಲಿ ನನ್ನ ಮಾತಿಗೆ ಎದುರು ಹೇಳದೆ ಇರುವುದು ಅದೊಂದೇ. ಹಾಗಂತ ಮಾತು ಕೇಳುತ್ತದೆ ಎಂದೇನೂ ಅಲ್ಲ.

ಇಂಥ ಬೈಕಿಗೆ ಕಿಕ್ಕರ್ ಇರುವುದಿಲ್ಲ. ಗೇರಿಗೆ ಹಾಕಿ, ಕ್ಲಚ್ ಹಿಡಿದು, ಓಡುತ್ತ ತಳ್ಳಿ, ಚಂಗನೆ ಹಾರಿ ಕೂತು ಕ್ಲಚ್ ಬಿಡಬೇಕು. ನನ್ನ ದೇಹಸಂಪತ್ತಿಗೆ ‘ಚಂಗನೆ’ ಎಂಬ ಪದ ಹೊಂದುವುದಿಲ್ಲ. ಹಾಗಾಗಿ ನಾನು ಮೊದಲೇ ಕೂತಿರುತ್ತೇನೆ, ತಳ್ಳುವ ಸೌಭಾಗ್ಯ ಹೆಂಡತಿಯದು. ಅವಳು ಮಕ್ಕಳ ಆಸ್ಪತ್ರೆಯಲ್ಲಿ ನರ್ಸು. ಇಡೀ ವಾರ್ಡನ್ನು ಒಂದು ಗದರಿಕೆಯಲ್ಲಿ ಮಲಗಿಸುವವಳು ರಜೆಯ ದಿನ ನನ್ನನ್ನು ಬೀದಿಯುದ್ದಕ್ಕೂ ತಳ್ಳುತ್ತ ಬೈಯುತ್ತಾಳೆ. ಬೈಕು ‘ಫುಟ್’ ಎನ್ನುತ್ತದೆ. ಆಮೇಲೆ ಏನೂ ಅನ್ನುವುದಿಲ್ಲ.

ಒಂದು ದಿನ ಅವಳು ತಟ್ಟೆ ಸರಿಸಿ ಕೇಳಿದಳು: “ಊಟ ಪೆಟ್ರೋಲ್ ವಾಸನೆ, ದಿಂಬು ಪೆಟ್ರೋಲ್ ವಾಸನೆ. ಒಲೆ ಹಚ್ಚೋಕೂ ಜೀವ ಝಲ್ಲನ್ನತ್ತೆ. ಈ ಗಾಡಿ ಯಾವತ್ರೀ ಬಿಡ್ತೀರ?”

ಆ ಭಾನುವಾರ ಊರಾಚೆಯ ಮೈದಾನದಲ್ಲಿ ಹಳೆಯ ಬೈಕುಗಳ ಮೆರವಣಿಗೆಯಿತ್ತು. ನನ್ನ ಪೌರುಷ ಕೆರಳಿತು. “ಈ ಭಾನುವಾರ ಬಿಡ್ತೀನಿ! ನಿಮ್ಮಮ್ಮನೇ ಸಾಕ್ಷಿ.”

“ನಿಜವಾಗ್ಲೂ ಬಿಡ್ತೀರ?” ಅವಳ ಕಣ್ಣಲ್ಲಿ ನೀರು.

“ಬಿಡ್ತೀನಿ ಅಂದ್ರೆ ಬಿಟ್ಟ ಹಾಗೇ.”

“ಅಂತೂ ಅಳಿಯಂದ್ರಿಗೆ ಬುದ್ಧಿ ಬಂತು,” ಎಂದರು ಅತ್ತೆ. ನನ್ನ ಸಾಹಸಕ್ಕೆ ಮನೆಯಲ್ಲಿ ಇಷ್ಟು ಪ್ರೋತ್ಸಾಹ ಸಿಕ್ಕಿದ್ದು ಅದೇ ಮೊದಲು. ಆ ವಾರವೆಲ್ಲ ಕೇಳದೆಯೇ ಕಾಫಿ, ನಾನು ಗೊರಕೆ ಹೊಡೆದರೂ ಯಾರೂ ತಿವಿಯಲಿಲ್ಲ.

ಭಾನುವಾರ ಬೆಳಿಗ್ಗೆ ಮನೆ ಮುಂದೆ ಒಂದು ಟೆಂಪೋ ನಿಂತಿತು. ಹಗ್ಗ ಹಿಡಿದು ಇಳಿದವನು ಹಳೆ ಗಾಡಿಗಳ ವ್ಯಾಪಾರಿ. “ಮೇಡಂ ಫೋನ್ ಮಾಡಿದ್ರು ಸಾರ್. ಗಾಡಿ ಬಿಡ್ತಾ ಇದೀರಂತೆ?”

“ಬಿಡ್ತಾ ಇದೀನಿ. ಅದಕ್ಕೆ ಹಗ್ಗ ಯಾಕೆ?” ಎಂದೆ. ಎಂದ ಮೇಲೆ ಅರ್ಥವಾಯಿತು. ಹೆಂಡತಿಯ ಕಡೆ ತಿರುಗಿದೆ.

“ಲೇ, ನಾನು ಹೇಳಿದ್ದು ಓಡಿಸ್ತೀನಿ ಅಂತ!”

“ಓಡ್ಸೋದಾದ್ರೆ ಓಡ್ಸ್ತೀನಿ ಅನ್ಬೇಕಿತ್ತು. ಬಿಡ್ತೀನಿ ಅಂದ್ರೆ ಬಿಡ್ಬೇಕು.”

“ಜನ ಬಸ್ ಬಿಡಲ್ವಾ? ಲಾರಿ ಬಿಡಲ್ವಾ?”

“ಅವು ಸ್ಟಾರ್ಟ್ ಆಗ್ತವೆ ರೀ!”

ಈ ವ್ಯಾಕರಣ ಕಲಹವನ್ನು ಅತ್ತೆಯೇ ಬಗೆಹರಿಸಿದರು. “ಈಗ್ಲೇ ಸ್ಟಾರ್ಟ್ ಆದ್ರೆ ಮನೇಲಿರ್ಲಿ. ಆಗ್ಲಿಲ್ವಾ, ಟೆಂಪೋ ಹತ್ಲಿ.” ವ್ಯಾಪಾರಿ ನೆರಳು ನೋಡಿ ಕೂತ. ನಾನು ಬೈಕಿನ ಟ್ಯಾಂಕ್ ಸವರಿದೆ.

ಕಾರ್ಬುರೇಟರಿನ ಪಕ್ಕದಲ್ಲೊಂದು ಪುಟ್ಟ ಗುಂಡಿಯಿದೆ. ತುಸು ಒತ್ತಿ ಹಿಡಿದರೆ ಒಳಗಿನ ಬಟ್ಟಲಿಗೆ ಪೆಟ್ರೋಲು ತುಂಬುತ್ತದೆ, ಎಂಜಿನ್ನಿಗೆ ಮೊದಲ ಗುಟುಕು ಸಿಗುತ್ತದೆ. ಜಲ ಇಲಾಖೆಯವನಾದ ನಾನು ಗುಟುಕು, ತುಸು ಇತ್ಯಾದಿ ಜಿಪುಣತನಗಳನ್ನು ಒಪ್ಪುವುದಿಲ್ಲ. ಧಾರಾಳವಾಗಿ ಒತ್ತಿದೆ. ಹೆಂಡತಿ ತಳ್ಳಿದಳು. ಫುಟ್.

“ಪೆಟ್ರೋಲ್ ಸಾಲ್ಲಿಲ್ಲ,” ಎಂದು ಇನ್ನಷ್ಟು ಒತ್ತಿದೆ. ಮತ್ತೆ ತಳ್ಳಿದಳು. ಈ ಸಲ ಫುಟ್ ಕೂಡ ಇಲ್ಲ. ಇನ್ನೂ ಒತ್ತಿದೆ. ಪೆಟ್ರೋಲು ನನ್ನ ಪ್ಯಾಂಟಿನ ಮೇಲೆ, ಬೂಟಿನ ಒಳಗೆ, ಕೊನೆಗೆ ರಸ್ತೆಗೂ ಹರಿಯಿತು. (ಕಚೇರಿಯಲ್ಲಾದರೆ ಇದನ್ನು ಸಮರ್ಪಕ ಪೂರೈಕೆ ಎನ್ನುತ್ತೇವೆ.) ವ್ಯಾಪಾರಿ ಎದ್ದು ಹಗ್ಗದ ಗಂಟು ಬಿಚ್ಚತೊಡಗಿದ.

“ಇಳೀರಿ ಕೆಳಗೆ,” ಎಂದಳು ಹೆಂಡತಿ, ಏದುಸಿರು ಬಿಡುತ್ತ. ಬಗ್ಗಿ ಮೂಸಿದಳು. “ನಮ್ ವಾರ್ಡಲ್ಲೂ ಹೊಸ ಅಪ್ಪಂದಿರು ಹೀಗೇ ಮಾಡೋದು. ಮಗು ಅತ್ರೆ ಹಾಲು, ಇನ್ನೂ ಅತ್ರೆ ಇನ್ನೂ ಹಾಲು. ಇದಕ್ಕೆ ಹಸಿವಲ್ಲ ರೀ, ಅಜೀರ್ಣ! ತೇಗು ಬರಬೇಕು.”

“ಬೈಕಿಗೆ ತೇಗೇ?”

“ಬಾಯ್ ಮುಚ್ಕೊಂಡು ತಳ್ಳಿ.”

ಪೆಟ್ರೋಲ್ ನಲ್ಲಿಯನ್ನು ಬಂದ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ, ಚಂಗನೆ ಹತ್ತಿ ಕೂತಳು. (ಮದುವೆಗೆ ಮುಂಚೆ ಅಣ್ಣನ ಬೈಕು ಓಡಿಸುತ್ತಿದ್ದಳಂತೆ. ಹೆಣ್ಣು ನೋಡಲು ಹೋದಾಗ ಇಂಥ ವಿಷಯಗಳನ್ನು ಯಾರೂ ಹೇಳುವುದಿಲ್ಲ.) ನಾನು ತಳ್ಳಿದೆ. ಬೀದಿಯ ಆ ತುದಿಯವರೆಗೆ ತಳ್ಳಿದೆ, ಈ ತುದಿಗೆ ತಳ್ಳಿದೆ. ಇಷ್ಟು ವರ್ಷ ಅವಳು ಬೈಯುತ್ತಿದ್ದುದರಲ್ಲಿ ಒಂದು ಅಕ್ಷರವೂ ಹೆಚ್ಚಲ್ಲ ಎಂದು ಆಗ ಅನ್ನಿಸಿತು. ಕಣ್ಣು ಕತ್ತಲೆ ಬರುವ ಹೊತ್ತಿಗೆ ಬೈಕು ಢರ್ರನೆ ತೇಗಿತು. ಕರಿ ಹೊಗೆ ನನ್ನ ಮುಖಕ್ಕೇ ಬಂತು. ಅವಳು ನಲ್ಲಿ ತಿರುಗಿಸಿದಳು. ಬೈಕು ಬೀದಿಯ ಕಿಟಕಿಗಳೆಲ್ಲ ಅದುರುವಂತೆ ಗರ್ಜಿಸಿ ಹಾರಿಹೋಯಿತು. ಅದರ ಜೊತೆ ಹೆಂಡತಿಯೂ.

ನಾನು ಕುಣಿದೆ. ಬೈಕು ಉಳಿಯಿತು! ಆದರೆ ಹೆಂಡತಿ ಬರಲಿಲ್ಲ. ಮೆರವಣಿಗೆ ಮುಗಿಸಿಕೊಂಡೇ ಬಂದಳು, ಕೆದರಿದ ತಲೆ, ಕೆಂಪಗಾದ ಮುಖ. ಅಷ್ಟು ಸಂತೋಷವಾಗಿದ್ದ ಅವಳನ್ನು ನಾನು ನಮ್ಮ ಮದುವೆಯ ಫೋಟೋದಲ್ಲೂ ನೋಡಿಲ್ಲ.

“ಗಾಡಿ ಕೊಡಲ್ಲ ಕಣಪ್ಪ,” ಎಂದಳು ವ್ಯಾಪಾರಿಗೆ. ನಾನು ಪ್ರೀತಿಯಿಂದ ಹ್ಯಾಂಡಲ್ ಮುಟ್ಟಲು ಹೋದೆ. “ಮುಟ್ಬೇಡಿ! ನಿಮ್ ಕೈಗೆ ಸಿಕ್ಕಿದ್ರೆ ಮತ್ತೆ ಕುಡಿಸ್ತೀರ.”

“ಹಾಗಾದ್ರೆ ಟೆಂಪೋ ಖಾಲಿ ತಗೊಂಡು ಹೋಗ್ಲಾ ಮೇಡಂ?” ಎಂದ ವ್ಯಾಪಾರಿ, ಪಾಪ.

ಅವಳು ಒಳಗೆ ಕಣ್ಣಾಡಿಸಿದಳು. “ಆ ಒರಗುಕುರ್ಚಿ ಹಾಕ್ಕೊಂಡು ಹೋಗಪ್ಪ. ಇವ್ರಿಗೆ ಇನ್ಮೇಲೆ ಕೂರೋಕೆ ಪುರಸೊತ್ತಿರಲ್ಲ.”

ಹೌದು, ಪುರಸೊತ್ತಿಲ್ಲ. ಈಗ ಪ್ರತಿ ಭಾನುವಾರ ಅವಳು ಕೂರುತ್ತಾಳೆ, ನಾನು ತಳ್ಳುತ್ತೇನೆ. ಮೊನ್ನೆ ಪಕ್ಕದ ಮನೆಯಾಕೆ ಅತ್ತೆಯನ್ನು ಕೇಳಿದರು, “ಏನ್ರೀ, ನಿಮ್ಮನೆ ಗಾಡಿ ಈಗ ಸರಿಯಾಗಿ ಸ್ಟಾರ್ಟ್ ಆಗತ್ತಾ?”

“ಗಾಡಿ ಇನ್ನೂ ಸ್ವಲ್ಪ ಸತಾಯಿಸತ್ತೆ ಕಣ್ರೀ,” ಎಂದರು ಅತ್ತೆ. “ನಮ್ಮ ಅಳಿಯಂದ್ರು ಮಾತ್ರ ಒಂದೇ ಕೂಗಿಗೆ ಸ್ಟಾರ್ಟ್ ಆಗ್ತಾರೆ.”