ಹಿತ್ತಿಲ ಗೋಡೆಯಾಚೆ ಒಣಗರಿ

ಸಿಟ್ಟು ಬಂದಾಗ ನಾನು ಮನೆ ಕ್ಲೀನ್ ಮಾಡುತ್ತೇನೆ. ಇದು ಒಳ್ಳೆಯ ಗುಣ ಎಂದು ನಿಮಗನಿಸಿದರೆ ಒಮ್ಮೆ ನಮ್ಮ ಹಿತ್ತಿಲ ಗೋಡೆ ನೋಡಬೇಕು. ದೋಸೆ ಕಾವಲಿಯ ತಳದ ಹಾಗೆ ಕಪ್ಪಾಗಿದೆ.

ರಾಜರಾಜೇಶ್ವರಿನಗರದ ತುದಿಯಲ್ಲಿ ನಮ್ಮ ಮನೆ. ಗೋಡೆಯಾಚೆ ಕಾಡು. ಬ್ರೋಕರ್ "ಫಾರೆಸ್ಟ್ ವ್ಯೂ ಸಾರ್" ಎಂದು ಹೇಳಿ ಮಾರಿದ್ದ. ಬೇಸಿಗೆಯಲ್ಲಿ ಆ ವ್ಯೂಗೆ ಬೆಂಕಿ ಬೀಳುತ್ತದೆ ಎನ್ನುವುದನ್ನು ನುಂಗಿಕೊಂಡಿದ್ದ. ಬೆಂಕಿಯಾದರೂ ತಾನಾಗಿ ಬೀಳುತ್ತದೆಯೇ? ಭಾನುವಾರ ಬೈಕಿನಲ್ಲಿ ಪ್ರಕೃತಿಪ್ರೇಮಿಗಳು ಬರುತ್ತಾರೆ. ಮರ ತಬ್ಬಿಕೊಂಡು ಸೆಲ್ಫಿ, ಆಮೇಲೆ ಒಣಹುಲ್ಲಿನ ಮೇಲೆ ಉರಿಯುವ ಸಿಗರೇಟು. ಅದನ್ನು ಅವರ ಬೈಕಿನ ಸೀಟಿನ ಮೇಲೇ ಆರಿಸಬೇಕು ಎನ್ನುವಷ್ಟು ಉರಿಯುತ್ತದೆ ನನಗೆ. ಒಂದು ದಿನ ಗೋಡೆ ಹತ್ತಿ ಬೈದೆ.

"ಯಾಕ್ ಗುರು, ಕಾಡೇನು ನಿಮ್ಮಪ್ಪಂದಾ?" ಎಂದ ಒಬ್ಬ.

ತಕ್ಕ ಉತ್ತರ ಹೊಳೆಯುವಷ್ಟರಲ್ಲಿ ಕಾಲು ಜಾರಿ ಅಮ್ಮನ ಕರಿಬೇವಿನ ಗಿಡದ ಮೇಲಿದ್ದೆ. ಬಿದ್ದಲ್ಲಿಂದಲೇ ಕಣ್ಣಿಗೆ ಬಿತ್ತು: ಅಡುಗೆಮನೆ ಕಿಟಕಿಯ ಕೆಳಗೆ ತೆಂಗಿನಗರಿಯ ರಾಶಿ. ಕಿಟಕಿಯ ಒಳಗಡೆ ಗ್ಯಾಸ್ ಸಿಲಿಂಡರ್. ಮೈ ಉರಿದುಹೋಯಿತು.

"ಅಮ್ಮಾ, ಇದೇನು ಮನೆನಾ, ಪಟಾಕಿ ಅಂಗ್ಡಿನಾ?"

"ಬೇಕಾಗುತ್ತೆ ಕಣೋ. ಗೀಸರ್ ಕೆಟ್ಟೋದ್ರೆ ಹಂಡೆಗೇನು ನಿನ್ನ ಡಿಗ್ರಿ ಸರ್ಟಿಫಿಕೇಟ್ ಹಾಕ್ಲಾ?"

ಈ 'ಬೇಕಾಗುತ್ತೆ' ಎನ್ನುವ ಮಾತಿನಿಂದಲೇ ದೇಶದ ಅರ್ಧ ಹಿತ್ತಿಲುಗಳು ಹಾಳಾಗಿವೆ. ಅಷ್ಟೂ ಗರಿಯನ್ನು ಎಳೆದೆಳೆದು ಗೋಡೆಯಾಚೆ ಎಸೆದೆ. ಪಕ್ಕದ ಮನೆಯ ಗಿರಿಜಾ ಆಂಟಿ ದಿನಾ ಗುಡಿಸಿ ಸುರಿಯುವ ತರಗೆಲೆಯೂ ಅಲ್ಲೇ ಬೀಳುತ್ತಿತ್ತು. ಅದರ ಮೇಲೆ ನನ್ನ ಗರಿ ರಾಜನ ಹಾಗೆ ಕೂತಿತು. ಮನೆ ಉಳಿಸಿದೆ ಎಂದು ಎರಡು ಲೋಟ ಕಾಫಿ ಕೇಳಿ ಕುಡಿದೆ.

ಮುಂದಿನ ಭಾನುವಾರ ಬೆಂಕಿ ಬಿತ್ತು. ಚಪ್ಪಲಿಯಲ್ಲಿ ತುಳಿದರೆ ಸಾಯುವಷ್ಟು ಸಣ್ಣಗೆ ಹುಲ್ಲಿನಲ್ಲಿ ತೆವಳಿಕೊಂಡು ಬಂದದ್ದು, ನಮ್ಮ ಗೋಡೆಯ ಬಳಿ ಗರಿ ಸಿಕ್ಕ ಕೂಡಲೇ ಎದ್ದು ನಿಂತಿತು. ಜ್ವಾಲೆ ಗೋಡೆಯ ಮೇಲಿಂದ ಬಾಗಿತು. ಪಪ್ಪಾಯಿ ಮರ ಸೊರಗಿತು, ಅಡುಗೆಮನೆ ಕಿಟಕಿಯ ಗಾಜು ಬಿರಿಯಿತು. ಅಮ್ಮ ಒಬ್ಬಳೇ ಸಿಲಿಂಡರ್ ಉರುಳಿಸಿಕೊಂಡು ಬೀದಿಗೆ ಓಡಿದಳು. ನಾನು ಪೈಪ್ ಹಿಡಿದು ವೀರನಂತೆ ಏಣಿ ಹತ್ತಿದೆ, ನಲ್ಲಿ ತಿರುಗಿಸಿರಲಿಲ್ಲ. ಕೊನೆಗೆ ಬೀದಿಯವರೂ ಫಾರೆಸ್ಟ್ ಗಾರ್ಡೂ ಒದ್ದೆ ಗೋಣಿಚೀಲದಲ್ಲಿ ಬಡಿದು ಬಡಿದು ಆರಿಸಿದರು.

"ಯಾವನ್ರೀ ಅವ್ನು, ಇಲ್ಲಿ ಗರಿ ಗುಡ್ಡೆ ಹಾಕಿದ್ದು?" ಗಾರ್ಡ್ ಮಸಿ ಮುಖದಲ್ಲಿ ಗುಡುಗಿದರು.

ನಾನು ಆಕಾಶ ನೋಡಿದೆ. ಅಮ್ಮ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ, "ನಮ್ಮನೆ ಫೈರ್ ಬ್ರಿಗೇಡು ಸಾರ್. ಅಗೋ, ಏಣಿ ಮೇಲೆ ನಿಂತಿದಾನೆ" ಎಂದಳು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಗಿರಿಜಾ ಆಂಟಿ ಅದೇ ಜಾಗಕ್ಕೆ ಬುಟ್ಟಿ ತುಂಬ ಎಲೆ ಸುರಿಯುತ್ತಿದ್ದಾರೆ! ನನ್ನ ತಲೆ ಕೆಟ್ಟಿತು.

"ಆಂಟೀ! ನಿನ್ನೆ ತಾನೇ ಬೆಂಕಿ ಬಿದ್ದಿದೆ!"

"ಅದಕ್ಕೇ ಕಣಪ್ಪಾ. ಸುಡೋಕೆ ಅಲ್ಲಿನ್ನೇನು ಉಳಿದಿದೆ? ಎಲ್ಲಾ ನೀನೇ ಖಾಲಿ ಮಾಡಿಸಿದ್ಯಲ್ಲ!"

ಇಂಥವರ ಜೊತೆ ವಾದ ಮಾಡುವುದುಂಟೇ? ಹಲ್ಲು ಕಡಿಯುತ್ತ ಪೊರಕೆ ತೆಗೆದುಕೊಂಡು ಗೋಡೆಯಾಚೆ ಹೋದೆ. ಅವರ ಎಲೆ, ಅವರ ಆಚೆಮನೆಯವರ ಎಲೆ, ಎಲ್ಲವನ್ನೂ ಗುಡಿಸಿ ಚೀಲಗಳಿಗೆ ತುಂಬಿ ಹೊತ್ತು ತಂದೆ. ಈಗ ಅವು ಅಡುಗೆಮನೆ ಕಿಟಕಿಯ ಕೆಳಗೆ ಸಾಲಾಗಿ ಕೂತಿವೆ. ಅಮ್ಮ ಬಾಗಿಲಲ್ಲಿ ನಿಂತು ಚೀಲಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಗೊಬ್ಬರಕ್ಕಮ್ಮಾ," ಎಂದೆ. "ಬೇಕಾಗುತ್ತೆ."