ವೈಫೈ ಉಸ್ತುವಾರಿ ಮತ್ತು ಆರು ಕಬ್ಬಿಣದ ಡಬ್ಬಿಗಳು

ನಾನು ಭೌತಶಾಸ್ತ್ರದ ಮೇಷ್ಟ್ರು. ಭೌತಶಾಸ್ತ್ರದವನಿಗೆ ವೈಫೈ ಗೊತ್ತೇ ಇರುತ್ತದೆ ಎಂದು ನಮ್ಮ ಸ್ನಾತಕೋತ್ತರ ಕೇಂದ್ರದ ನಿರ್ದೇಶಕರು ತೀರ್ಮಾನಿಸಿದರು. ನಿಜ ಹೇಳಬೇಕೆಂದರೆ, ಅವರಿಗಿಂತ ಮೊದಲೇ ನಾನು ಹಾಗೆ ತೀರ್ಮಾನಿಸಿದ್ದೆ. ಒಂದು ಸೋಮವಾರ ‘ಕ್ಯಾಂಪಸ್ ವೈಫೈ ಜಾಲದ ಉಸ್ತುವಾರಿ ಅಧಿಕಾರಿ’ ಎಂಬ ಆದೇಶಪತ್ರ ಹಿಡಿದು ಮನೆಗೆ ಬಂದೆ.

ಹೆಂಡತಿ ಗಿರಿಜಾ ಅದನ್ನು ಎರಡು ಸಲ ಓದಿದಳು.

“ಮೊನ್ನಿ ಟಿವಿ ರಿಮೋಟಿಗೆ ಸೆಲ್ ಉಲ್ಟಾ ಹಾಕಿದ್ರಲ್ಲ, ಅದನ್ನ ಅವ್ರಿಗೆ ಹೇಳಿಲ್ಲೇನ್ರಿ?”

“ಅದು ಬ್ಯಾರೆ, ಇದು ಬ್ಯಾರೆ” ಎಂದೆ. ಅಧಿಕಾರಿಗಳು ಹೀಗೇ ಮಾತಾಡಬೇಕು.

ನಮ್ಮ ಕೇಂದ್ರ ಇರುವುದು ಹರಪನಹಳ್ಳಿಯ ಆಚೆ, ಒಂದು ಗುಡ್ಡದ ಮಗ್ಗುಲಲ್ಲಿ. ಗುಡ್ಡ ಅಡ್ಡ ನಿಂತು ಮೊಬೈಲ್ ಸಿಗ್ನಲನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಎಲ್ಲರಿಗೂ ಗೋಡೆ ಮೇಲಿನ ಆರು ಬಿಳಿ ವೈಫೈ ಯಂತ್ರಗಳೇ ಗತಿ. ಅವುಗಳ ವೈರಿಗಳು ಮಂಗಗಳು. ಸುಗ್ಗಿ ಬಂತೆಂದರೆ ಸುತ್ತಲಿನ ರೈತರು ನಮ್ಮ ಸಿಮೆಂಟ್ ರಸ್ತೆಯ ಮೇಲೆ ಮೆಕ್ಕೆಜೋಳ ಒಣಹಾಕುತ್ತಾರೆ. ಜೋಳಕ್ಕೆ ಮಂಗಗಳು ಬರುತ್ತವೆ. ಹೊಟ್ಟೆ ತುಂಬಿದ ಮೇಲೆ ಹೊತ್ತು ಹೋಗಬೇಕಲ್ಲ, ವೈಫೈ ವೈರು ಹಿಡಿದು ಜಗ್ಗುತ್ತವೆ. ಜೋಳ ಹಾಕಬೇಡಿ ಎಂದು ಗದರಿಸಬಹುದಿತ್ತು. ಆದರೆ ಅದರಲ್ಲಿ ಒಂದು ರಾಶಿ ನಮ್ಮ ನಿರ್ದೇಶಕರದ್ದೇ!

ಹಾಗಾಗಿ ನಾನು ಆರು ಡಬ್ಬಿ ಮಾಡಿಸಲು ಬಸ್ ನಿಲ್ದಾಣದ ಹಿಂದಿನ ವೆಲ್ಡಿಂಗ್ ಅಂಗಡಿಗೆ ಹೋದೆ. ಅಂಗಡಿಯ ಖಾಸೀಂಸಾಬರು ಕಾಳು ತುಂಬಿಡುವ ಡಬ್ಬಿ ಮಾಡುವುದರಲ್ಲಿ ಎತ್ತಿದ ಕೈ.

“ಗಾಳಿ ಆಡಾಕ ಕಿಂಡಿ ಬಿಡ್ಲೇನ್ರಿ ಸರ್?”

“ಕಿಂಡಿ ಬ್ಯಾಡ. ಮಂಗ್ಯಾನ ಉಗುರೂ ಒಳಗ ಹೋಗಬಾರದು.”

“ಒಳಗ ಇಡೂದು ಏನ್ರಿ?”

“ವೈಫೈ.”

ಖಾಸೀಂಸಾಬರು ಸುತ್ತಿಗೆ ಕೆಳಗಿಟ್ಟರು. “ನೀವು ಓದಿದೋರು. ನಿಮಗ ಗೊತ್ತಿರತೈತಿ ಬಿಡ್ರಿ” ಎಂದರು. ಆ ಮಾತಿನಲ್ಲಿ ನನಗೆ ಗೌರವವಷ್ಟೇ ಕೇಳಿಸಿತು.

ಆರು ಯಂತ್ರಗಳೂ ಆರು ಕಬ್ಬಿಣದ ಡಬ್ಬಿಗಳೊಳಗೆ ಸೇರಿದವು. ಮರುದಿನದಿಂದಲೇ ದೂರು ಶುರು. “ನೆಟ್ ಇಲ್ರಿ ಸರ್!” ಹುಡುಗರು ಸಿನಿಮಾ ನೋಡಿ ನೋಡಿ ನೆಟ್ ಮುಗಿಸುತ್ತಿದ್ದಾರೆ ಎಂದು ಪಾಸ್‌ವರ್ಡ್ ಬದಲಾಯಿಸಿದೆ. ನೆಟ್ ಬರಲಿಲ್ಲ. ಆದರೆ ಒಂದೊಂದು ದಿನ ತಾನಾಗಿಯೇ ಬರುತ್ತಿತ್ತು! ನಾನು ಎಲ್ಲವನ್ನೂ ಶಿಸ್ತಾಗಿ ರಿಜಿಸ್ಟರಿನಲ್ಲಿ ಬರೆದೆ. ‘ಗುರುವಾರ: ಮಂಗಗಳು ಮೂರು ಮುಚ್ಚಳ ತೆಗೆದಿವೆ. ನೆಟ್ ಉತ್ತಮ.’ ‘ಶುಕ್ರವಾರ: ಮುಚ್ಚಳಗಳನ್ನು ಭದ್ರವಾಗಿ ಮುಚ್ಚಲಾಯಿತು. ನೆಟ್ ಇಲ್ಲ.’ ಇಷ್ಟು ಬರೆದ ಮೇಲೆ ನನಗೆ ಹೊಳೆದದ್ದು ಒಂದೇ. ಆರು ಬೀಗ ತಂದು ಜಡಿದೆ.

ಆ ವಾರವೇ ಹನುಮಕ್ಕ ಬಂದಳು. ಗುಡೇಕೋಟೆಯ ಕುರಿ ಕಾಯುವವರ ಮನೆಯ ಹುಡುಗಿ. ನನ್ನ ಶಿಷ್ಯೆ, ಆಗಷ್ಟೇ ಎಂ.ಎಸ್ಸಿ. ಮುಗಿಸಿ ಹಾಸ್ಟೆಲಿನಲ್ಲೇ ಇದ್ದಳು. ಶನಿವಾರ ಹನ್ನೊಂದಕ್ಕೆ ಅವಳಿಗೆ ಸಂಶೋಧನೆಯ ಸೀಟಿಗಾಗಿ ಆನ್‌ಲೈನ್ ಸಂದರ್ಶನವಿತ್ತು.

“ನೆಟ್ ಇರತೈತಲ್ರಿ ಸರ್? ಇದೊಂದು ತಪ್ಪಿದ್ರ ಮನ್ಯಾಗ ಮುಂದ ಓದಾಕ ಬಿಡೂದಿಲ್ರಿ. ಗಂಡು ನೋಡಿಟ್ಟಾರ.”

“ಅದು ನನ್ನ ಜವಾಬ್ದಾರಿ!” ಎಂದೆ. ಎದೆ ತಟ್ಟಿಕೊಂಡೂ ಹೇಳಿದೆ.

ಶನಿವಾರ ಬೇಗ ಬಂದು ಪ್ರತಿಯೊಂದು ಬೀಗವನ್ನೂ ಜಗ್ಗಿ ಪರೀಕ್ಷಿಸಿದೆ. ಎಲ್ಲ ಭದ್ರ. ಹತ್ತೂ ಮುಕ್ಕಾಲಿಗೆ ಹನುಮಕ್ಕ ನಮ್ಮ ತರಗತಿಯಲ್ಲಿ ಲ್ಯಾಪ್‌ಟಾಪ್ ತೆರೆದಳು. ನೆಟ್ ಇಲ್ಲ! ಮೇನ್ ಸ್ವಿಚ್ ಆರಿಸಿದೆ, ಹಾಕಿದೆ. ಮತ್ತೆ ಆರಿಸಿದೆ, ಹಾಕಿದೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಆಗ ಮಾತ್ರ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ನನ್ನ ಅಧಿಕಾರ ಹಾಳಾಗಿ ಹೋಗಲಿ, ಈ ಮಗುವಿನ ಓದು ಹೋಗುತ್ತದಲ್ಲ ಎಂದು ಸಂಕಟವಾಯಿತು.

ಅವಳು ತಲೆಯೆತ್ತಿ ಗೋಡೆ ನೋಡಿದಳು.

“ಸರ್, ಆ ಡಬ್ಬಿ ಎದರದ್ರಿ?”

“ಕಬ್ಬಿಣದ್ದು. ಗಟ್ಟಿ ತಗಡು!” ಆ ಹೊತ್ತಿನಲ್ಲೂ ನನಗೆ ಹೆಮ್ಮೆ.

“ಸುತ್ತೂಕಡಿ ಮುಚ್ಚೈತೇನ್ರಿ?”

“ಪೂರ್ತಿ!”

ಅವಳು ಮಾತಾಡಲು ಸಂಕೋಚಪಟ್ಟಳು. ಗಡಿಯಾರ ನೋಡಿ ಸಂಕೋಚ ಬಿಟ್ಟಳು. “ಸರ್, ಹ್ವಾದ ವರ್ಷ ನೀವೇ ಪಾಠ ಮಾಡಿದ್ರಲ್ರಿ. ಸುತ್ತೂಕಡಿ ಲೋಹ ಮುಚ್ಚಿದ್ರ ರೇಡಿಯೋ ತರಂಗ ಹೊರಗ ಬರೂದಿಲ್ಲ ಅಂತ.”

ನಾನು ಆ ಪಾಠವನ್ನು ಹದಿನೆಂಟು ವರ್ಷಗಳಿಂದ ಮಾಡುತ್ತಿದ್ದೇನೆ. ಪ್ರತಿ ವರ್ಷ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳುತ್ತೇನೆ.

“ಕೀಲಿ ಕೊಡ್ರಿ ಸರ್, ಲಗೂನ!”

ಕೀಲಿ ಭದ್ರವಾಗಿತ್ತು. ಊರೊಳಗಿನ ಮನೆಯಲ್ಲಿ, ದೇವರ ಫೋಟೋದ ಹಿಂದೆ!

ಹನುಮಕ್ಕ ಹೊರಗೆ ಹೋಗಿ ಕಲ್ಲು ತಂದಳು, ದುಪ್ಪಟ್ಟಾ ಸೊಂಟಕ್ಕೆ ಬಿಗಿದು ಬೆಂಚು ಹತ್ತಿದಳು. ಮೂರು ಏಟಿಗೆ ಬೀಗ ಬಿತ್ತು, ಮುಚ್ಚಳ ತೆರೆಯಿತು. ನನ್ನ ಜೇಬಿನೊಳಗಿನ ಫೋನಿಗೆ ಬೆಳಗಿನಿಂದ ತಡೆದಿದ್ದ ಸಂದೇಶಗಳೆಲ್ಲ ಒಟ್ಟಿಗೆ ಬಂದು ಗಂಟೆ ಹೊಡೆದವು. ಹನ್ನೊಂದಕ್ಕೆ ಎರಡು ನಿಮಿಷ ಬಾಕಿ ಇತ್ತು.

ಸಂದರ್ಶನ ಮುಗಿಯುವವರೆಗೆ ಉಸ್ತುವಾರಿ ಅಧಿಕಾರಿಗಳು ಬಾಗಿಲ ಹೊರಗೆ ಕೋಲು ಹಿಡಿದು ಮಂಗ ಕಾದರು. ಆ ಹುದ್ದೆಗೆ ಬಂದ ಮೇಲೆ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಅದೇ.

ಹನುಮಕ್ಕ ನಗುತ್ತಾ ಹೊರಗೆ ಬಂದಳು. “ಚೊಲೋ ಆತ್ರಿ ಸರ್. ಕೊನೀಗೆ, ತರಂಗ ತಡಿಯೂದಕ್ಕ ನೀವು ಕಣ್ಣಾರೆ ನೋಡಿದ ಉದಾಹರಣಿ ಕೊಡ್ರಿ ಅಂದ್ರು. ಕೊಟ್ಟೆ. ಎಲ್ರೂ ನಕ್ಕರು.”

ನಾನು ಕೋಲನ್ನು ಗೋಡೆಗೆ ಒರಗಿಸಿದೆ.

“ನಿಮ್ಮ ಹೆಸರು ಹೇಳಿಲ್ರಿ ಸರ್” ಎಂದಳು.

ಸೀಟು ಸಿಕ್ಕಿತು. ಡಬ್ಬಿಗಳು ನಮ್ಮ ಮನೆಗೆ ಬಂದವು. ಗಿರಿಜಾ ಅವುಗಳಲ್ಲಿ ಜೋಳ, ತೊಗರಿ ತುಂಬಿಟ್ಟಿದ್ದಾಳೆ. ಒಂದು ಹುಳವೂ ಬಿದ್ದಿಲ್ಲ ಎಂದು ನೆರೆಮನೆಯವರ ಮುಂದೆ ಹೊಗಳುತ್ತಾಳೆ.

ಈ ವರ್ಷದ ಪರೀಕ್ಷೆಯಲ್ಲೂ ಐದು ಅಂಕದ ಆ ಪ್ರಶ್ನೆ ಕೇಳಿದೆ. ‘ಉದಾಹರಣೆಯೊಂದಿಗೆ ವಿವರಿಸಿ.’ ಇಡೀ ತರಗತಿ ಒಂದೇ ಉದಾಹರಣೆ ಬರೆದಿತ್ತು. ಎಲ್ಲರಿಗೂ ಐದಕ್ಕೆ ಐದು ಕೊಡಬೇಕಾಯಿತು!