ಬಡಿದುಕೊಳ್ಳುವುದನ್ನು ಬಿಟ್ಟ ಹಿಂಬಾಗಿಲಿಗೆ ಕೇಕಿನವಳ ಮನವಿ

ಮಾನ್ಯ ಹಿಂಬಾಗಿಲಿನವರೇ,

ಬೇಕರಿಯ ಒಳಮನೆಯನ್ನು ಓಣಿಯ ದೂಳಿನಿಂದ ಕಾಯುತ್ತಿರುವ ತಮಗೆ, ಪಕ್ಕದಲ್ಲೇ ಕೇಕಿನ ಒವನ್ ನೋಡಿಕೊಳ್ಳುವ ನಾನು ಹಿಟ್ಟು ಮೆತ್ತಿದ ಕೈಗಳನ್ನೇ ಜೋಡಿಸಿ ನಮಸ್ಕರಿಸುತ್ತೇನೆ. ತಮ್ಮ ಕ್ಷೇಮ ವಿಚಾರಿಸುವುದಿಲ್ಲ. ತಾವು ತೀರಾ ಕ್ಷೇಮವಾಗಿರುವುದೇ ನನ್ನ ದೂರು.

ಹಿಂದೆ ಯಾರು ಒಳಬಂದರೂ ತಾವು ಧಡಾರನೆ ಬಡಿದುಕೊಳ್ಳುತ್ತಿದ್ದಿರಿ; ಆ ಅದುರಿಗೆ, ಅರ್ಧ ಬೆಂದು ಉಬ್ಬಿ ನಿಂತ ನನ್ನ ಕೇಕುಗಳು ನಡುವೆ ಕುಸಿದು ಗುಂಡಿ ಬೀಳುತ್ತಿದ್ದವು. ಒಂದು ದಿನ ಯಜಮಾನರು ಆ ಗುಂಡಿಯಲ್ಲಿ ಬೆರಳಿಟ್ಟು ನೋಡಿ, "ಹೀಗೇ ಆದ್ರೆ ಕೇಕು ನಿಲ್ಲಿಸಿಬಿಡೋಣಮ್ಮ, ಬರೀ ಬ್ರೆಡ್ಡು ಸಾಕು" ಎಂದರು. ಬ್ರೆಡ್ಡು ಮಾಡಲು ಬ್ರೆಡ್ಡಣ್ಣ ಇದ್ದಾನೆ. ನಾನು ಮನೆ ಸೇರಬೇಕೆಂದು ಅದರರ್ಥ.

ಅಷ್ಟರಲ್ಲಿ ಯಜಮಾನರು ಸೃಜನಶೀಲ ಚಿಂತನೆಯ ತರಬೇತಿಗೆ ಹೋಗಿ, ಎಂಥ ಸಮಸ್ಯೆಯೂ ತಯಾರಿ, ಕಾವು, ಹೊಳಹು, ಪರೀಕ್ಷೆ ಎಂಬ ನಾಲ್ಕು ಹಂತಗಳಲ್ಲಿ ಬಗೆಹರಿಯುತ್ತದೆಂದು ಕಲಿತು ಬಂದರು. ತಯಾರಿಯ ಅಂಗವಾಗಿ, ತಮ್ಮ ಸ್ವಭಾವವನ್ನು ಅರಿಯಲೆಂದು ನಾವೆಲ್ಲ ಸಾಲುಗಟ್ಟಿ ಒಬ್ಬರಾದ ಮೇಲೊಬ್ಬರು ತಮ್ಮನ್ನು ಬಡಿದು ನೋಡಿದೆವು. ಒಳಗೆ ಕೇಕು ಬೇಯುತ್ತಿರುವುದು ಯಾರಿಗೂ, ಕೊನೆಗೆ ನನಗೂ, ನೆನಪಾಗದೆ ಅಂದು ಒಂದು ಕೇಕೂ ತಲೆ ಎತ್ತಲಿಲ್ಲ. ಕಾವಿನ ಹಂತದಲ್ಲಿ ಸಮಸ್ಯೆಯನ್ನು ಮರೆತಿರಬೇಕಂತೆ. ಹಾಗಾಗಿ ತಮ್ಮ ಹೆಸರೆತ್ತುವುದೇ ನಿಷಿದ್ಧವಾಗಿ, ತಾವು ಬಡಿದುಕೊಂಡಾಗಲೆಲ್ಲ ನಾವು ಏನೂ ಕೇಳಿಸದವರಂತೆ ಗೋಡೆ ನೋಡುತ್ತಿದ್ದೆವು.

ಹೊಳಹು ಬಂದದ್ದು ನನ್ನ ಸೋಮಾರಿತನಕ್ಕೆ. ಮಿಕ್ಕ ಕ್ರೀಮಿಗಾಗಿ ಇನ್ನೊಂದು ಪಾತ್ರೆ ತೊಳೆಯುವವರಾರೆಂದು ಅದನ್ನು ಕೇಕಿನ ಗುಂಡಿಗೇ ಸುರಿದಿಟ್ಟೆ. ಮೇಷ್ಟರೊಬ್ಬರು ಅದನ್ನೇ ಬೇಕೆಂದು ಕೊಂಡರು. ಮರುದಿನ ಅವರ ಹೆಂಡತಿ ಬಂದರು, ಆಮೇಲೆ ನಾದಿನಿ, ನಾದಿನಿಯ ಗೆಳತಿಯರು. ವಾರ ಕಳೆಯುವಷ್ಟರಲ್ಲಿ ಗುಂಡಿ ಕೇಕಿಗೆ ಜನ ಮುಗಿಬಿದ್ದರು. ನನ್ನ ಕೆಲಸ ಉಳಿಯಿತೆಂದು ಹಿಗ್ಗಿಹೋದೆ.

ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ನಾಲ್ಕನೇ ಹಂತ ಬಾಕಿ ಉಳಿಯಿತಲ್ಲ ಎಂದು ಯಜಮಾನರಿಗೆ ಸಮಾಧಾನವಿಲ್ಲ. ಬಡಗಿಯನ್ನು ಕರೆಸಿ, ತಮ್ಮ ಕೀಲುಗಳ ತಿರುಪು ಬಿಗಿಸಿ, ಅಂಚಿಗೆ ರಬ್ಬರು ಅಂಟಿಸಿ ಪರೀಕ್ಷಿಸಿಯೇಬಿಟ್ಟರು. ಈಗ ತಾವು ಮಲಗಿದ ಮಗುವಿನ ಕೋಣೆಯಿಂದ ಹೊರಬರುವ ತಾಯಿಯಂತೆ ಮುಚ್ಚಿಕೊಳ್ಳುತ್ತೀರಿ. ಕೇಕುಗಳು ಎದೆಯುಬ್ಬಿಸಿ ನಿಲ್ಲುತ್ತವೆ, ಗಿರಾಕಿಗಳು ಗುಂಡಿ ಎಲ್ಲಿ ಎಂದು ಕೇಳಿ ಬರಿಗೈಯಲ್ಲಿ ಹೋಗುತ್ತಾರೆ. ಚಮಚದಿಂದ ತೋಡಿದರೆ ಪುಡಿಪುಡಿ. ಒವನ್ನಿಗೇ ಗುದ್ದಿದೆ, ಮೊಣಕೈ ಊದಿತೇ ಹೊರತು ಕೇಕು ಜಗ್ಗಲಿಲ್ಲ. ಯಜಮಾನರು ಮತ್ತೆ ಬ್ರೆಡ್ಡಿನ ಮಾತೆತ್ತಿದ್ದಾರೆ.

ಆದುದರಿಂದ, ಸದ್ದಿನ ವಿಷಯದಲ್ಲಿ ಈ ಬೀದಿಯಲ್ಲೇ ಸಾಟಿಯಿಲ್ಲದ ತಾವು ದಯಮಾಡಿ ಹಳೆಯ ಸಿಟ್ಟನ್ನು ಮರಳಿ ತಂದುಕೊಳ್ಳಬೇಕು. ಕೇಕು ಅರ್ಧ ಬೆಂದ ಗಳಿಗೆಯನ್ನು ತಾವೇ ವಾಸನೆಯಿಂದ ಅರಿತು, ಒಮ್ಮೆ ಮಾತ್ರ, ಅದೂ ಮನಸಾರೆ ಬಡಿದುಕೊಂಡು, ಬ್ರೆಡ್ಡಣ್ಣನ ಸರದಿಯಲ್ಲಿ ಮತ್ತೆ ಸಂಭಾವಿತರಾಗಿರಬೇಕೆಂದು ಬೇಡಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ, ಹಾಗೂ ತಮ್ಮ ಒರಟುತನದಿಂದಲೇ ಅನ್ನ ಉಣ್ಣುವ,
ಕೇಕಿನವಳು

ವಿ.ಸೂ.: ಯಜಮಾನರು ಎರಡನೇ ತರಬೇತಿಗೆ ಹೋಗಿದ್ದಾರೆ, ನಾಳೆ ಬರುತ್ತಾರೆ. ಇಂದೇ ಕೆಟ್ಟರೆ ತಾವೂ ನಾನೂ ಸುಖವಾಗಿರುತ್ತೇವೆ. ನಾಳೆಯವರೆಗೆ ಕಾದರೆ, ಈ ಸಲ ಹಂತಗಳು ಏಳಂತೆ.